ಎದುರಾಳಿಯ ವಕಾಲತ್ತು

ನಮ್ಮ ಚಿಕ್ಕಪ್ಪ ಒಂದು ಹೊತ್ತು ಊಟ ಬಿಟ್ಟಾರು, ಜಗಳ ಬಿಟ್ಟಿರಲಾರರು. ಗಾಬರಿಯಾಗಬೇಡಿ! ಸ್ವಂತ ಜಗಳವಲ್ಲ, ಬೇರೆಯವರದು. ಜಗಳ ಬಿಡಿಸುವುದು ಅವರ ಚಟ. ಹುಣಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಟೈಪಿಂಗ್ ಕಲಿಸಿದ ಮೇಷ್ಟ್ರು, ಬೀದಿಯಲ್ಲಿ ಯಾರದಾದರೂ ದನಿ ಏರಿತೆಂದರೆ ಪಾಠ ಬಿಟ್ಟು ಚಪ್ಪಲಿ ಹುಡುಕುತ್ತಿದ್ದರು.

ಅವರ ಬಳಿ ಇದ್ದದ್ದು ಒಂದೇ ಮದ್ದು. ನಿಮ್ಮ ವಾದವನ್ನು ನೀವು ಹೇಳುವಂತಿಲ್ಲ. ಎದುರಾಳಿಯ ವಾದವನ್ನೇ, ಅವನು ತಲೆಯಾಡಿಸುವ ತನಕ ಹೇಳಬೇಕು! ಒಮ್ಮೆ ಮಡಿಕೇರಿ ಬಸ್ಸಿನಲ್ಲಿ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಇಬ್ಬರು ಕಿತ್ತಾಡುತ್ತಿದ್ದರು. ಚಿಕ್ಕಪ್ಪ ನಡುವೆ ನುಗ್ಗಿ ಮದ್ದು ಕೊಟ್ಟರು. ಸ್ವಲ್ಪ ಹೊತ್ತಿಗೆ ತೆರೆ ಎಂದವನು ಮುಚ್ಚು ಎನ್ನುತ್ತಿದ್ದ, ಮುಚ್ಚು ಎಂದವನು ತೆರೆ ಎನ್ನುತ್ತಿದ್ದ, ಜಗಳ ಮಾತ್ರ ಮೊದಲಿನಷ್ಟೇ ಜೋರು! "ಇರ್ಲಿ ಬುಡು, ಒಬ್ಬರ ಕಷ್ಟ ಒಬ್ಬರಿಗೆ ತಿಳೀತಲ್ಲ" ಎಂದು ಚಿಕ್ಕಪ್ಪ ತೃಪ್ತಿಯಿಂದ ಇಳಿದರು. ಇಳಿಯಬೇಕಿದ್ದದ್ದು ಪಿರಿಯಾಪಟ್ಟಣದಲ್ಲಿ, ಇಳಿದದ್ದು ಅದನ್ನೂ ದಾಟಿ ಕೊಪ್ಪದಲ್ಲಿ.

ಕಂಪ್ಯೂಟರ್ ಬಂದು ಟೈಪ್‌ರೈಟರುಗಳು ಮೂಲೆ ಸೇರಿದಾಗಲೂ ಅವರು ಕೊರಗಲಿಲ್ಲ. ಸುತ್ತಲ ಊರುಗಳ ಕೆಲವು ಉತ್ಸಾಹಿಗಳು ಬಿಡುವಿನಲ್ಲಿ ಕೂತು ಕನ್ನಡ ಟೈಪಿಂಗಿನ ತಂತ್ರಾಂಶವೊಂದನ್ನು ಕಟ್ಟುತ್ತಿದ್ದರು. ಎಲ್ಲರಿಗೂ ಬಿಟ್ಟಿ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಚಿಕ್ಕಪ್ಪ ಅಲ್ಲಿ ಸೇರಿದರು. ಅವರ ಭಾಗ್ಯ ನೋಡಿ, ಸೇರಿದ್ದೇ ತಡ ಅಲ್ಲೂ ಜಗಳ ಬಂತು!

ತಂತ್ರಾಂಶ ತೆರೆದೊಡನೆ ಯಾವ ಕೀಲಿಮಣೆ ಬರಬೇಕು? ಕೆ.ಆರ್. ನಗರದ ನಿವೃತ್ತ ಟೈಪಿಸ್ಟರು ಹಳೆಯ ಟೈಪ್‌ರೈಟರಿನ ಜೋಡಣೆಯೇ ಬೇಕೆಂದರು. ಪಿರಿಯಾಪಟ್ಟಣದ ಕಾಲೇಜಿನವರು ಇಂಗ್ಲಿಷಿನ 'ಕೆ' ಒತ್ತಿದರೆ 'ಕ' ಮೂಡಬೇಕೆಂದರು. ತಂತ್ರಾಂಶ ಎಲ್ಲರದೂ ತಾನೇ? ಸಿಟ್ಟಾದವರು ಒಂದು ಪ್ರತಿ ಎತ್ತಿಕೊಂಡು ಬೇರೆ ಮನೆ ಮಾಡಬಹುದಿತ್ತು. ಹಾಗೆ ಪಾಲಾದರೆ ಆಸ್ತಿ ಕರಗುವುದಿಲ್ಲ, ದುಡಿಯುವ ಕೈಗಳು ಕರಗುತ್ತವೆ. ಇದ್ದದ್ದೇ ಬೆರಳೆಣಿಕೆಯ ಜನ.

ಚಿಕ್ಕಪ್ಪನ ಟೈಪಿಂಗ್ ಶಾಲೆಯಲ್ಲೇ ಪಂಚಾಯಿತಿ ಕೂತಿತು. "ಎದುರಾಳಿ ತಲೆಯಾಡಿಸೋ ತನಕ ಯಾರಿಗೂ ಕಾಫಿ ಇಲ್ಲ!" ಎಂದರು ಚಿಕ್ಕಪ್ಪ.

"ಅವರ ಪರ ನಾನ್ಯಾಕ್ ಮಾತಾಡ್ಲಿ ಕಣ್ರೀ ಮೇಷ್ಟ್ರೇ?" ಎಂದು ಟೈಪಿಸ್ಟರ ಹಿರಿಯರು ಗುಡುಗಿದರು. ಒಳಗಿನಿಂದ ಕಾಫಿಯ ವಾಸನೆ ಬಂದ ಮೇಲೆ ಮೆತ್ತಗಾದರು. "ಸರಿ ಬುಡಿ. ನನ್ ಮೊಮ್ಮಗಳು ಟೈಪ್ ಮಾಡಕ್ಕೆ ಕೂತ್ಕಂಡ್ಳು ಅನ್ಕಳಿ. ಅಕ್ಸರ ಹುಡುಕಿ ಹುಡುಕಿ ಸಾಕಾಗಿ, ಇಂಗ್ಲಿಷಲ್ಲೇ ಬರ್ದು ಎದ್ದೋಯ್ತಳೆ." ಕಾಲೇಜಿನವರೆಲ್ಲ ತಲೆಯಾಡಿಸಿದರು.

ಪಿರಿಯಾಪಟ್ಟಣದ ಹುಡುಗಿಯೊಬ್ಬಳು ಎದ್ದಳು. "ಇವರು ಕೀಲಿ ನೋಡಲ್ಲ ಸಾರ್, ಬೆರಳಿಗೇ ಗೊತ್ತು. ನಾವು ಅಕ್ಷರದ ಜಾಗ ಬದಲಾಯಿಸಿದ್ರೆ, ಅವರ ಮನೇಲೇ ಅವರು ತಡಕಾಡಬೇಕಾಯ್ತದೆ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಊಂ ಕಣವ್ವ. ಅದೇಯ ನನ್ ಮಾತು."

ಕಾಫಿ ಬಂತು, ತೀರ್ಮಾನ ಬರಲಿಲ್ಲ! ಈಗ ಇಬ್ಬರೂ ಎದುರಾಳಿಯೇ ಗೆಲ್ಲಲಿ ಎಂದು ಹಠ ಹಿಡಿದಿದ್ದರು. ಕೊನೆಗೆ ಎರಡೂ ಕಡೆಯವರು, "ನೀವು ಹೇಳ್ದಂಗೆ ಮೇಷ್ಟ್ರೇ" ಎಂದರು.

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಎರಡೂ ಇರ್ಲಿ. ಮೊದಲು ಬರೋದು ಹುಡುಗರದ್ದು. ಹಳೇದು ಬೇಕಾದೋರು ಒಂದು ಕೀಲಿ ಒತ್ಕಳ್ಳಿ."

ಗುಂಪು ಒಡೆಯಲಿಲ್ಲ. ಆದರೆ ತಾವು ಜೀವಮಾನವೆಲ್ಲ ಕಲಿಸಿದ್ದನ್ನು ಚಿಕ್ಕಪ್ಪ ತಮ್ಮ ಬಾಯಿಂದಲೇ ಹಿಂದಕ್ಕೆ ಸರಿಸಿದ್ದರು.

ಮರುವಾರ ನಾನು ಹೋದಾಗ ಅವರು ಕಂಪ್ಯೂಟರಿನ ಮುಂದೆ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾ, ಕೀಲಿಗಳ ಮೇಲೆ ಬಗ್ಗಿ ಏನೋ ಹುಡುಕುತ್ತಿದ್ದರು. ಕೀಲಿ ನೋಡಿದ ಶಿಷ್ಯರಿಗೆ ಗದರುತ್ತಿದ್ದ ಮನುಷ್ಯ!

"ನಿಮಗೆ ಹಳೆಯದೇ ಇದೆಯಲ್ಲ ಚಿಕ್ಕಪ್ಪ?"

"ನಾಳೆಯಿಂದ ಹೊಸ ಮಕ್ಕಳು ಬತ್ತರೆ ಕಣೋ. ಅವಕ್ಕೆ ಕಲಿಸ್ಬೇಕಲ್ಲ. 'ಳ' ಎಲ್ಲದೆ, ತೋರ್ಸು."

ತೋರಿಸಿದೆ. ಓಡುವುದನ್ನಷ್ಟೇ ನಾನು ಕಂಡಿದ್ದ ಆ ಬೆರಳು, ಅಳುಕುತ್ತಾ ಬಂದು ಕೀಲಿಯ ಮೇಲೆ ಕೂತಿತು. ನನಗೆ ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.