ನೀಲವ್ವ ಕೇಳಿದ ಹತ್ತು ಹೆಜ್ಜಿ

ಅರಿಷಿಣ ಮಾರಾಂವ ಗುಡ್ಡದ ಇಳಿಜಾರಿನಾಗ ಮನೀ ಕಟ್ಟಾಕ ಹೋಗಬಾರದು. ಇದನ್ನ ನನಗ ಯಾರೂ ಹೇಳಲಿಲ್ಲ ಅಂದ್ರ ಸುಳ್ಳಾಗತೈತಿ. ಎಲ್ಲಾರೂ ಹೇಳಿದ್ರು. ನಾ ಕೇಳಲಿಲ್ಲ.

ಸಂಸ್ಥಾನದ ಕಾಲದ ಮಾತು. ಸಾಂಗ್ಲಿ ಪ್ಯಾಟ್ಯಾಗ ನನ್ನ ಅಂಗಡಿ, ಮಿರಜದಾಗ ಮಾಳಿಗಿ ಮ್ಯಾಲ ಬಾಡಿಗಿ ಮನಿ. ಮಾಳಿಗಿಗೆ ಹದಿನಾಲ್ಕು ಮೆಟ್ಟಲು. ನನ್ನ ಹೆಂಡತಿ ನೀಲವ್ವಗ ಮಂಡಿ ನೋವು ಹತ್ತಿ ಎರಡು ವರ್ಷ ಆಗಿತ್ತು. ಆ ಎರಡು ವರ್ಷದಾಗ ಆಕಿ ಕೆಳಗ ಇಳದದ್ದು ಎರಡೇ ಸಲ, ಎರಡೂ ಶಿವರಾತ್ರಿಗೆ. ಒಂದಿನ ರೊಟ್ಟಿ ಬಡಕೋತ ಅಂದ್ಲು, "ಏನ್ರಿ, ನನಗ ದೊಡ್ಡ ವಾಡೇ ಬ್ಯಾಡ. ಬಾಗಲಾ ದಾಟಿದ್ರ ಹತ್ತು ಹೆಜ್ಜಿ ಸಮಾ ನೆಲ ಸಿಕ್ರ ಸಾಕು."

ಹತ್ತೇ ಹೆಜ್ಜಿ! ಮರುದಿನಾನ ಹೋಗಿ ಮಾಲಗಾಂವದ ಆಚಿ ಗುಡ್ಡದ ಮಗ್ಗಲಾಗ ಜಾಗಾ ಹಿಡದು ಬಂದೆ. ಗಾಳಿ ಛಲೋ, ನೋಟ ಛಲೋ. ಮ್ಯಾಲಿನ ಬೇಲಿ ಹಂತ್ಯಾಕ ನಿಂಬಿಕಾಯಿ ಇಟ್ರ ಕೆಳಗಿನ ಬೇಲ್ಯಾಗ ಹೋಗಿ ಆರಿಸಬೇಕು, ಅಷ್ಟ.

ಮನೀ ಕಟ್ಟೋ ಗವಂಡಿ ಧೋಂಡಿಬಾ ಕೋಲು, ದಾರ ಹಿಡದು ಅಳದ. ನಾಕು ಅಡಿ ಮುಂದ ಹೋದ್ರ ಒಂದು ಅಡಿ ಇಳೀತೈತಿ, ನಲವತ್ತು ಅಡಿ ಜಾಗಾಕ ಹತ್ತು ಅಡಿ ಇಳಿತ, ಅಂದ. ಮೆಟ್ಟಲಿನಂಗ ಕಡದು, ಕಲ್ಲಿನ ಗ್ವಾಡಿ ಕಟ್ಟಿ, ನೀರು ಹೋಗಾಕ ಗ್ವಾಡ್ಯಾಗ ತೂತು ಬಿಡಬೇಕಂತ. ಚೀಲ ಎತ್ತದೇ ಅದರ ತೂಕ ಹೇಳೋ ನನಗ ಇವನ ಪಾಠ! ನನ್ನ ಕಣ್ಣಳತಿಗೆ ಆ ಇಳಿತ ಐದೇ ಅಡಿ. ಪರಾತದಾಗ ನೀರು ಹಾಕಿ ಇಟ್ಟು ನೋಡ್ರಿ, ನೀರು ಸುಳ್ಳು ಹೇಳೂದಿಲ್ಲ, ಅಂತ ಮನ್ಯಾಗ ನೀಲವ್ವ ಅಂದ್ಲು. ಹಿಟ್ಟು ಕಲಸೋ ಪರಾತ ನನಗಿಂತ ಶ್ಯಾಣ್ಯಾ ಏನು ಅಂತ ನಕ್ಕೆ.

ನಾವು ಅರಿಷಿಣದವರು ಮಾಲನ್ನ ನೆಲದಾಗ ಹಗೇವು ತೋಡಿ ಇಡ್ತೀವಿ. ಒಳಗ ಹುಲ್ಲು, ಕಬ್ಬಿನ ಸ್ವಾಗಿ ಹಾಸಿ, ಬಾಯಿ ಮಣ್ಣಿಲೆ ಮುಚ್ಚಿದ್ರ ವರ್ಷಗಟ್ಟಲೆ ಹನಿ ನೀರು ಹೋಗೂದಿಲ್ಲ. ಅದೇ ವಿದ್ಯಾ ಇಲ್ಲಿ ಬಳಸಿದೆ. ಮ್ಯಾಲಿನ ಮಣ್ಣು ಕಡಿಸಿ ಕೆಳಗ ಸುರುವಿಸಿದೆ. ಒಂದು ಪದರ ಮಣ್ಣು, ಒಂದು ಪದರ ಅರಿಷಿಣದ ಒಣಾ ಎಲಿ. ಮುಂದ ಐದು ಅಡಿ ಗ್ವಾಡಿ. ತೂತು? ಹಗೇವಿಗೆ ಯಾರರ ತೂತು ಬಿಡ್ತಾರೇನು!

ಧೋಂಡಿಬಾ ದಾರ ಸುತ್ತಿ ಕಿಸೇದಾಗ ಇಟಕೊಂಡ. "ಶೇಠ, ಪಾಣೀ ಐಕತ ನಾಹೀ," ಅಂದ. ನೀರು ಮಾತು ಕೇಳೂದಿಲ್ಲ ಅಂತ.

ವೈಶಾಖದಾಗ ನೀಲವ್ವನ್ನ ಟಾಂಗಾದಾಗ ಕರಕೊಂಡು ಹೋದೆ. ನನ್ನ ಹೆಗಲು ಹಿಡದು ಹೊಸಾ ಅಂಗಳದಾಗ ಒಂಬತ್ತು ಹೆಜ್ಜಿ ನಡದ್ಲು, ನಿಂತ್ಲು. ಹತ್ತನೇದು ಮನೀ ಹೊಕ್ಕಮ್ಯಾಲ, ಅಂದ್ಲು. ಆಕಿ ಮಾರಿ ನೋಡಿ ನಾ ಮೀಸಿ ತಿರುವಿದೆ.

ಮಿರಗದ ಮಳಿ ಹಿಡೀತು. ಎಲಿ ಕೊಳೆತು ಲೋಳಿ ಆತು, ಹಿಂದ ನೀರು ತುಂಬಿ ಗ್ವಾಡಿಗೆ ಹೊಟ್ಟಿ ಬಂತು. ಮೂರನೇ ದಿನ ಹೋಗಿ ನೋಡಿದ್ರ ಗ್ವಾಡಿ ಇಲ್ಲ, ಅಂಗಳಾನೂ ಇಲ್ಲ. ಕೆಳಗಿನ ಹೊಲದ ಗೌಡರು ಭಾಳ ಮರ್ಯಾದಿಲೆ ಕೇಳಿದ್ರು, "ಶೇಠಜಿ, ನಿಮ್ಮ ಅಂಗಳ ನಮ್ಮ ಹೊಲಕ್ಕ ಬಂದೈತಿ. ಒಯ್ತೀರೇನ್ರಿ?"

ಮನ್ಯಾಗ ನೀಲವ್ವ ಕೇಳಿದ್ರ ಕೆಲಸ ನಡದೈತಿ ಅಂದೆ. ಮೊಣಕಾಲತನಾ ಕೆಸರಾದ ನನ್ನ ಧೋತರ ನೋಡಿ ಆಕಿಗೆ ಎಲ್ಲಾ ತಿಳೀತು. "ಪರಾತ ಇಡಬೇಕಿತ್ತರಿ," ಅಂದ್ಲು, ನಕ್ಕಳು. ಬೈದಿದ್ರ ಛಲೋ ಇತ್ತು.

ಶ್ರಾವಣದಾಗ ಜ್ವರ ಬಂದು ಎಂಟೇ ದಿನದಾಗ ಆಕಿ ಹೋದ್ಲು. ನಮ್ಮಲ್ಲಿ ಸುಡೂದಿಲ್ಲ, ಕುಂದ್ರಿಸಿ ಮಣ್ಣು ಕೊಡ್ತಾರ. ಗುಡ್ಡದ ಆ ಜಾಗಾದಾಗೇ, ಮ್ಯಾಲಿನ ಗಟ್ಟಿ ನೆಲದಾಗ ಇಟ್ವಿ. ಧೋಂಡಿಬಾ ಕರೀಲಾರದ ಬಂದ. ಅವ ಹೇಳಿದಂಗ ಮೆಟ್ಟಲಾಗಿ ಕಡದ್ವಿ, ಕಲ್ಲು ಕಟ್ಟಿದ್ವಿ, ತೂತೂ ಬಿಟ್ವಿ. ಕಡೀಕ ನಾ ಮನ್ಯಾಗಿಂದ ಪರಾತ ತಂದು, ಆಕಿ ಗದ್ದಿಗಿ ಮುಂದ ಇಟ್ಟು ನೀರು ಸುರುವಿದೆ. ನೀರು ಯಾ ಕಡೆನೂ ವಾಲಲಿಲ್ಲ.

ಇಡೀ ಗುಡ್ಡದಾಗ ನಾ ಸಮಾ ಮಾಡಿಸಿದ ನೆಲ ಅದೊಂದೇ. ಈ ಸಲ ಕಣ್ಣಳತಿ ಬಿಟ್ಟು ಕಾಲಿಲೆ ಅಳದೆ. ನಾಕು ಹೆಜ್ಜಿ ಆತು. ಆಕಿ ಕೇಳಿದ್ದು ಹತ್ತು.