ಹುರುಳಿ ಹಾಸಿದ ಮೈದಾನ

ತಪ್ಪೆಲ್ಲ ಮೈಕಿನದು ಎಂದು ಪುಟ್ಟಬಸಪ್ಪ ಇವತ್ತಿಗೂ ಹೇಳುತ್ತಾನೆ. ಮೈಕು ಹಿಡಿದು ಕೂಗಿದವನು ತಾನೇ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಶನಿವಾರ ಸಂಜೆ ಅವನು ಆಟೋಗೆ ಸ್ಪೀಕರು ಕಟ್ಟಿಸಿಕೊಂಡು ಗುಂಡ್ಲುಪೇಟೆಯ ಬೀದಿಬೀದಿ ಸುತ್ತಿದ್ದ. "ನಾಳೆ ಮಧ್ಯಾಹ್ನ ಮೂರೂವರೆಗೆ ರಾಜ್ಯ ಲೀಗ್ ಫುಟ್ಬಾಲ್! ನಮ್ಮ ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಹಣಾಹಣಿ! ಇಪ್ಪತ್ತೆರಡು ಜನ ಆಟಗಾರರು, ಮುಳ್ಳಿನ ಬೂಟು ತೊಟ್ಟು, ಪೂರ್ತಿ ಒಂದೂವರೆ ಗಂಟೆ, ಮೈದಾನದ ಮೂಲೆಮೂಲೆಗೂ ಓಡಲಿದ್ದಾರೆ! ಬನ್ನಿ!" ಊರಿನವರು ಕಿವಿ ಮುಚ್ಚಿಕೊಂಡರು. ಮೈದಾನದ ಪಕ್ಕದ ಹೊಲದ ಕರಿಬಸಮ್ಮ ಒಬ್ಬಳು ಮಾತ್ರ ಕೆಲಸ ಬಿಟ್ಟು ನಿಂತು, ಪೂರ್ತಿ ಕೇಳಿಸಿಕೊಂಡಳು.

ಪುಟ್ಟಬಸಪ್ಪ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವವನು. ಬೇರೆ ಯಾರೂ ಒಪ್ಪದ ಕಾರಣ ಹನ್ನೊಂದು ವರ್ಷದಿಂದ ಊರಿನ ಫುಟ್ಬಾಲ್ ಕ್ಲಬ್ಬಿಗೆ ಅವನೇ ಕಾರ್ಯದರ್ಶಿ. ಚೆಂಡು ಒದೆಯಲು ಬಾರದಿದ್ದರೂ ಲೀಗ್‌ನ ನಿಯಮಾವಳಿ ಪುಸ್ತಕ ಅವನಿಗೆ ಬಾಯಿಪಾಠ. ಅದಕ್ಕೆ ಖಾಕಿ ಕಾಗದದ ಹೊದಿಕೆ ಹಾಕಿ, ಸದಾ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ.

ಅವನ ಕ್ರೀಡಾಜೀವನದ ಏಕೈಕ ವಿಜಯವೂ ಬರವಣಿಗೆಯದೇ. ಎರಡು ವರ್ಷದ ಹಿಂದೆ ಕುದೇರಿನ ತಂಡ ಇವರಿಗೆ ಏಳು ಗೋಲು ಹೊಡೆದು, ಆಮೇಲೆ ಒಳಜಗಳದಲ್ಲಿ ಒಡೆದುಹೋಗಿ ಲೀಗ್‌ನಿಂದ ಹೊರಬಿತ್ತು. ಪುಟ್ಟಬಸಪ್ಪ ಕೂತು ಹನ್ನೊಂದು ಪುಟದ ಅರ್ಜಿ ಬರೆದ: ಹೊರಬಿದ್ದ ತಂಡದ ಜೊತೆ ಆಡಿದ ಪಂದ್ಯಗಳನ್ನು ಆಡಿಯೇ ಇಲ್ಲವೆಂದು ಭಾವಿಸತಕ್ಕದ್ದು. ಲೀಗ್‌ನವರು ಒಪ್ಪಿ ಅದನ್ನೇ ನಿಯಮ ಮಾಡಿದರು. ಏಳು ಗೋಲೂ ಅಳಿಸಿಹೋದವು. ಆ ಒಪ್ಪಿಗೆ ಪತ್ರ ಅವನ ಮನೆಯ ನಡುಮನೆಯಲ್ಲಿ ಮದುವೆ ಫೋಟೋ ಇದ್ದ ಮೊಳೆಗೆ ನೇತಾಡುತ್ತಿದೆ. ಮದುವೆ ಫೋಟೋ ಎಲ್ಲಿದೆ ಎಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ.

ಈ ವರ್ಷದ ಸಂಕಟ ಬೇರೆ. ಹದಿಮೂರು ಪಂದ್ಯ ಮುಗಿದಿತ್ತು. ಹನ್ನೊಂದು ಸೋಲು, ಎರಡು ಸಮ. ಇಡೀ ವರ್ಷ ಒಂದೂ ಪಂದ್ಯ ಗೆಲ್ಲದ ಕ್ಲಬ್ಬಿಗೆ ಮುಂದಿನ ವರ್ಷ ಲೀಗ್‌ನಲ್ಲಿ ಜಾಗವಿಲ್ಲ. ಉಳಿದಿದ್ದು ಭಾನುವಾರದ ಈ ಒಂದೇ ಪಂದ್ಯ. ಗೆದ್ದರೆ ಕ್ಲಬ್ಬು ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೆರೆ ಎಳೆಯಲು ಸುಣ್ಣದ ಪುಡಿ ಹೊತ್ತುಕೊಂಡು ಬಂದವನಿಗೆ ಮೈದಾನವೇ ಕಾಣಲಿಲ್ಲ. ಈ ಗೋಲಿನಿಂದ ಆ ಗೋಲಿನವರೆಗೆ ಮೊಳಕಾಲೆತ್ತರಕ್ಕೆ ಹಾಸಿದ ಒಣ ಹುರುಳಿ ಬಳ್ಳಿ. ಪೆನಾಲ್ಟಿ ಒದೆಯುವ ಜಾಗದಲ್ಲಿ ಕರಿಬಸಮ್ಮ ಕೋಲು ಹಿಡಿದು, ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು.

"ಏನಮ್ಮಾ ಇದು?"

"ಉಳ್ಳಿ ಕಣಪ್ಪ."

"ಅದು ಕಾಣ್ತದೆ. ಇಲ್ಲಿಗ್ಯಾಕೆ ತಂದಾಕ್ದೆ?"

"ನೀನೇ ಅಲ್ವಾ ನೆನ್ನೆ ಮೈಕ್ನಲ್ಲಿ ಕೂಗ್ದೋನು? ಇಪ್ಪತ್ತೆರಡಾಳು, ಮುಳ್ಳು ಬೂಟು, ಒಂದೂವರೆ ಗಂಟೆ! ರಸ್ತೆಗಾಕುದ್ರೆ ಬಸ್ನೋರು ಬಯ್ತರೆ, ಬೈಕ್ನೋರು ಜಾರ್ ಬಿದ್ದು ಜಗ್ಳಕ್ಕೆ ಬತ್ತರೆ. ಇಲ್ಲಿ ಯಾರ್ದೂ ಕಿರಿಕಿರಿ ಇಲ್ಲ. ನೀವು ನಿಮ್ ಪಾಡ್ಗೆ ಆಡ್ಕಳಿ, ನಾ ಬ್ಯಾಡ ಅಂದನಾ?"

ಈ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ರಾಗಿಯೋ ಹುರುಳಿಯೋ ಹಾಸಿಬಿಟ್ಟರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಕರಿಬಸಮ್ಮನ ಯೋಚನೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅದೇ ಪುಟ್ಟಬಸಪ್ಪನ ಹೊಟ್ಟೆ ಉರಿಸಿದ್ದು.

ಅವನು ನಿಯಮಾವಳಿ ತೆಗೆದು ಓದಿದ. ಅವಳು ಎಲೆಯ ರಸ ಉಗಿದಳು. ಮೈದಾನದ ಬೇಲಿಗೆ ಒರಗಿ ಟೀ ಅಂಗಡಿ ಇಟ್ಟಿರುವ ಕರಿಬಸವಯ್ಯ ಬಾಣಲೆ ಬಿಟ್ಟು ಬಂದ. "ಅಂಗೇ ಆಡಿ ಕಣ್ರಿ. ಬಿದ್ರೂ ನೋವಾಗಲ್ಲ," ಎಂದು ಸಲಹೆ ಕೊಟ್ಟು, "ಆದ್ರೂ ಆ ಚಾಮರಾಜನಗರದೋರು ಬತ್ತರೋ ಇಲ್ವೋ! ಆಗ್ಲೇ ಎಲ್ಡು ಮ್ಯಾಚ್ಗೆ ಬಂದೇ ಇಲ್ವಂತೆ. ಎಲ್ಲಾ ಬದನಗುಪ್ಪೆ ಫ್ಯಾಕ್ಟ್ರಿಗಳಲ್ಲಿ ದುಡಿಯೋ ಐಕ್ಳು, ಸಿಫ್ಟ್ ಬುಟ್ ಬರಕಾಗಕಿಲ್ಲ," ಎಂದ.

"ಬರದೇ ಇದ್ರೆ ಗೆಲುವು ನಮ್ದೇ. ನಿಯಮ ಹದಿನಾಲ್ಕು," ಎಂದ ಪುಟ್ಟಬಸಪ್ಪನ ಮುಖ ಆ ಬೆಳಿಗ್ಗೆ ಮೊದಲ ಸಲ ಅರಳಿತು.

ಕೊನೆಗೆ ಕರಿಬಸಮ್ಮ ಹುರುಳಿ ತೆಗೆಯಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಬರೆದುಕೊಡಬೇಕು. ಬರೆಯುವುದೆಂದರೆ ಪುಟ್ಟಬಸಪ್ಪನಿಗೆ ಹೊಸ ಹುರುಪು. ಅಲ್ಲೇ ಚೆಂಡಿನ ಚೀಲದ ಮೇಲೆ ಹಾಳೆ ಇಟ್ಟು ಬರೆದ: "ಸದರಿ ಹುರುಳಿಯು ಈ ದಿನ ಸಂಜೆಯೊಳಗೆ ರಸ್ತೆಯಲ್ಲಿ ಒಕ್ಕಣೆಯಾಗದೆ ಉಳಿದಲ್ಲಿ, ಸದರಿ ಮೈದಾನದಲ್ಲಿಯೇ ಸದರಿ ಆಟಗಾರರಿಂದ ತುಳಿಸಿಕೊಡುವುದಾಗಿ ಈ ಮೂಲಕ ಒಪ್ಪಿರುತ್ತೇನೆ." ಕೆಳಗೆ ಸಹಿ ಹಾಕಿ ಕ್ಲಬ್ಬಿನ ಸೀಲನ್ನೂ ಒತ್ತಿದ. ಅವಳು ಅದನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

"ಊರತ್ರ ಬೇಡ," ಎಂದು ಕರಿಬಸಮ್ಮನ ಟ್ರ್ಯಾಕ್ಟರಿನವನಿಗೆ ಪುಟ್ಟಬಸಪ್ಪನೇ ಹೇಳಿದ. "ತೆರಕಣಾಂಬಿ ರಸ್ತೇಲಿ ನಾಕೈದು ಕಿಲೋಮೀಟ್ರು ಹೋಗಿ ಹಾಸು. ತರಕಾರಿ ಲಾರಿ ಓಡಾಡ್ತವೆ, ಕೇಳೋರೂ ಇಲ್ಲ."

ಬಳ್ಳಿಯನ್ನು ಟ್ರ್ಯಾಕ್ಟರಿಗೆ ತುಂಬಿದವರು ತಂಡದವರೇ. ನಾಯಕನೂ ಗೋಲ್‌ಕೀಪರೂ ಆದ ಮೂಗಯ್ಯ ತರಕಾರಿ ಮಂಡಿಯಲ್ಲಿ ಮೂಟೆ ಹೊರುವವನು. ನಲವತ್ತೊಂದು ವಯಸ್ಸು. ಹದಿನೇಳು ವರ್ಷದಿಂದ ಅದೇ ಗೋಲಿನಲ್ಲಿ ನಿಂತು, ಒಂದು ಪಂದ್ಯದಲ್ಲೂ ಗೋಲು ಬಿಡದೆ ಮನೆಗೆ ಹೋದವನಲ್ಲ. ಮೊಣಕಾಲು ನೋವೆಂದು ಇದೇ ಕೊನೆಯ ಆಟ ಎಂದಿದ್ದ. ಹನ್ನೊಂದು ಜನವೂ ಎರಡು ಗಂಟೆ ಬಳ್ಳಿ ಹೊತ್ತರು. ಮೈಯೆಲ್ಲ ತುರಿಕೆ, ಅಂಗಿಯೆಲ್ಲ ಧೂಳು. ಅಭ್ಯಾಸಕ್ಕೆಂದು ಇಟ್ಟಿದ್ದ ಬೆಳಿಗ್ಗೆ ಹೀಗೆ ಕಳೆದುಹೋಯಿತು.

ಮೂರೂವರೆಗೆ ಮೈಸೂರಿನಿಂದ ರೆಫರಿ ಮಲ್ಲಿಕಾರ್ಜುನಸ್ವಾಮಿ ಬಸ್ಸಿಳಿದು ಬಂದರು. ಕೈಯಲ್ಲಿ ಸೀಟಿ, ಜೇಬಿನಲ್ಲಿ ಕಡಲೆಕಾಯಿ. ಮೂವತ್ತು ನಲವತ್ತು ಜನ ಸೇರಿದ್ದರು. ಚಾಮರಾಜನಗರದವರ ಸುಳಿವೇ ಇಲ್ಲ. ನಿಯಮದಂತೆ ಅರ್ಧ ಗಂಟೆ ಕಾಯಬೇಕು. ಪುಟ್ಟಬಸಪ್ಪ ಗಡಿಯಾರ ನೋಡುತ್ತ ಗೆರೆಯ ಉದ್ದಕ್ಕೂ ಅತ್ತಿತ್ತ ಓಡಾಡಿದ. ಅವರು ಬರದಿರಲಿ ಎಂದು ಮಹದೇಶ್ವರನಿಗೆ ಹರಕೆಯನ್ನೂ ಹೊತ್ತ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಆ ಕಡೆ ಚಾಮರಾಜನಗರದ ನಾಯಕ ಮಾದೇಶ.

"ಸಾ, ತೆರಕಣಾಂಬಿ ದಾಟಿದ್ಮೇಲೆ ಟೆಂಪೋ ನಿಂತೋಯ್ತು ಸಾ. ಯಾರೋ ಮೂದೇವಿಗಳು ರಸ್ತೆ ತುಂಬಾ ಉಳ್ಳಿ ಹಾಸ್ಬುಟ್ಟವ್ರೆ. ಚಕ್ರಕ್ಕೆಲ್ಲ ಸುತ್ಕಂಡು ಹೊಗೆ ಬತ್ತಾ ಅದ. ಒಂದ್ ಗೂಡ್ಸ್ ಆಟೋ ಸಿಕ್ಕದ. ಇಪ್ಪತ್ತೈದು ನಿಮ್ಸ ಕಾಯಿ ಸಾ, ನಿಮ್ ಕಾಲ್ಗೆ ಬೀಳ್ತಿನಿ."

ಚಾಮರಾಜನಗರದಿಂದ ಬರುವವರಿಗೆ ಇರುವುದು ಅದೊಂದೇ ರಸ್ತೆ ಎನ್ನುವುದು ಪುಟ್ಟಬಸಪ್ಪನಿಗೆ ಹೊಳೆದದ್ದು ಈಗ. ಒಂದು ಕ್ಷಣ ಅವನಿಗೆ ನಾಚಿಕೆಯಾಯಿತು. ಮರುಕ್ಷಣ ಮಹದೇಶ್ವರ ಇಷ್ಟು ಬೇಗ ಕಣ್ಣು ಬಿಟ್ಟನಲ್ಲ ಎಂದು ಮೈ ಜುಮ್ಮೆಂದಿತು.

ವಿಷಯ ಕೇಳಿದ ರೆಫರಿ ಕಡಲೆಕಾಯಿ ಸಿಪ್ಪೆ ಊದಿ ಹೇಳಿದರು: "ಆತಿಥೇಯ ತಂಡ ಒಪ್ಪಿದರೆ ಇನ್ನೂ ಅರ್ಧ ಗಂಟೆ ಕಾಯಬಹುದು. ನೀವು ಹೇಳಿದಂತೆ."

"ಕಾಯನ ಸಾ," ಎಂದ ಮೂಗಯ್ಯ. "ದಾರೀಲವ್ರೆ. ಬರ್ಲಿ, ಆಡನ."

"ಏಯ್ ಸುಮ್ನಿರ್ಲಾ ಮೂಗಯ್ಯ! ಆಡಿದ್ರೆ ನೀವು ಗೆಲ್ತೀರಾ?"

ಮೂಗಯ್ಯ ಕೈಗವಸಿನ ದಾರ ಬಿಗಿಯುತ್ತ, "ಆಡ್ದೆ ಗೆದ್ರೆ ಅದ್ಯಾವ ಗೆಲುವು ಸಾ?" ಎಂದ.

"ಪುಸ್ತಕದಲ್ಲಿ ಬರೆಯೋ ಗೆಲುವು! ನಿಯಮ ಅಂದ್ರೆ ನಿಯಮ. ರೆಫರಿ ಸಾಹೇಬ್ರೇ, ಒಂದು ನಿಮಿಷವೂ ಕಾಯುವಂತಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

ಬರೆದೂ ಕೊಟ್ಟ. ನಾಲ್ಕಕ್ಕೆ ಸರಿಯಾಗಿ ರೆಫರಿ ಸೀಟಿ ಊದಿದರು. ಎದುರಾಳಿ ಗೈರು, ಗುಂಡ್ಲುಪೇಟೆಗೆ ಗೆಲುವು. ಪುಟ್ಟಬಸಪ್ಪ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೈದಾನದೊಳಗೆ ಓಡಿದ. ಸಿಕ್ಕವರನ್ನೆಲ್ಲ ತಬ್ಬಿಕೊಂಡ. ಎಲ್ಲರಿಗೂ ಟೀ ಎಂದು ಕೂಗಿದ. ಆಟಗಾರರು ಮಾತ್ರ ಪರರ ಮದುವೆಯ ಊಟಕ್ಕೆ ಕೂತವರಂತೆ ಮುಖ ಮಾಡಿಕೊಂಡು ಗ್ಲಾಸು ಹಿಡಿದರು.

ಟೀ ಮುಗಿಯುವ ಮೊದಲೇ ಗೂಡ್ಸ್ ಆಟೋ ಬಂದು ನಿಂತಿತು. ಹಿಂದಿನಿಂದ ಏಳು ಜನ ಇಳಿದರು. ಎಲ್ಲರ ಕೈಯಲ್ಲೂ ಮಸಿ, ತಲೆಯಲ್ಲಿ ಹುರುಳಿ ಹೊಟ್ಟು. ಸೀಟಿ ಊದಿ ಆಯಿತೆಂದು ತಿಳಿದಾಗ ಮಾದೇಶ ನಿಂತಲ್ಲೇ ಕುಕ್ಕರಿಸಿದ.

"ಏಳೇ ಜನ ಸಾ ನಾವು. ಮಿಕ್ಕೋರ್ಗೆಲ್ಲ ಸಿಫ್ಟು. ಗೋಲ್‌ಕೀಪರೂ ಬಂದಿಲ್ಲ. ಸೋಲಕ್ಕೇ ಅಂತ್ಲೇ ಬಂದೊ. ಬರ್ದಿದ್ರೆ ಮೂರ್ನೇ ಸಲ ಆಯ್ತದ, ನಮ್ ಕ್ಲಬ್ಬೇ ಹೊಂಟೋಯ್ತದ. ಅದೊಂದು ಉಳೀಲಿ ಅಂತ ಬಂದೊ."

ಪುಟ್ಟಬಸಪ್ಪ ಟೀ ಕೆಳಗಿಟ್ಟು ಅವರನ್ನು ಎಣಿಸಿದ. ಏಳು ಜನ. ಗೋಲ್‌ಕೀಪರಿಲ್ಲ. ಆದರೂ ಗೆಲುವು ಹೇಗಿದ್ದರೂ ಗೆಲುವೇ ಎಂದು ಸಮಾಧಾನ ಮಾಡಿಕೊಂಡು ರೆಫರಿಯ ಹತ್ತಿರ ಹೋದ. ಅವರು ವರದಿ ಬರೆಯುತ್ತಿದ್ದರು.

"ಮೂರನೇ ಗೈರು," ಎಂದು ಅವರು ಬರೆಯುತ್ತಲೇ ಓದಿದರು. "ಹಾಗಾಗಿ ಚಾಮರಾಜನಗರ ತಂಡ ಲೀಗ್‌ನಿಂದ ಹೊರಕ್ಕೆ. ಹೊರಬಿದ್ದ ತಂಡದ ಈ ವರ್ಷದ ಎಲ್ಲ ಪಂದ್ಯಗಳೂ ರದ್ದು."

"ಎಲ್ಲವೂ ಅಂದ್ರೆ?"

"ಎಲ್ಲವೂ."

"ಇವತ್ತಿಂದು?"

"ಇವತ್ತಿನದೂ ಸೇರಿ. ಅಲ್ಲಿಗೆ ನಿಮ್ಮದು ವರ್ಷಪೂರ್ತಿ ಒಂದೂ ಗೆಲುವಿಲ್ಲದ ಹಾಗಾಯಿತು. ನೀವೂ ಹೊರಕ್ಕೆ."

"ಅದ್ಯಾವ ನಿಯಮ ಸ್ವಾಮಿ?" ಎಂದು ಪುಟ್ಟಬಸಪ್ಪ ಕೇಳಿದ. ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು. ಆದರೂ ಕೇಳಿದ.

ರೆಫರಿ ಪುಸ್ತಕ ತಿರುವಿದರು. "ಇಪ್ಪತ್ತೇಳು. ಈಚೆಗೆ ಸೇರಿಸಿದ್ದು. ಈ ಕಡೆಯ ಯಾರೋ ಪುಣ್ಯಾತ್ಮ ಹನ್ನೊಂದು ಪುಟ ಅರ್ಜಿ ಬರೆದಿದ್ದನಂತೆ. ಪೂರ್ತಿ ಓದುವುದಕ್ಕಿಂತ ಒಪ್ಪಿಕೊಳ್ಳುವುದೇ ಸುಲಭ ಅಂತ ಒಪ್ಪಿಕೊಂಡರಂತೆ."

"ಕಾಯ್ತೀವಿ ಅಂದ್ರೆ? ಈಗ ಕಾಯ್ತೀವಿ ಅಂದ್ರೆ?"

"ಕಾಯುವುದಿಲ್ಲ ಅಂತ ಬರೆದುಕೊಟ್ಟಿದ್ದೀರಲ್ಲ," ಎಂದು ರೆಫರಿ ಆ ಹಾಳೆಯನ್ನು ವರದಿಗೆ ಪಿನ್ನು ಹಾಕಿದರು. "ಕೈಬರಹ ಚೆನ್ನಾಗಿದೆ ರೀ."

ಆಗ ಬೇಲಿಯಾಚೆ ಟ್ರ್ಯಾಕ್ಟರಿನ ಸದ್ದಾಯಿತು. ಟೆಂಪೋದಲ್ಲಿ ಹೊಗೆ ಬಂದಮೇಲೆ ಲಾರಿಯವರೆಲ್ಲ ಸೇರಿ ಗಲಾಟೆ ಮಾಡಿ, ಹುರುಳಿಯನ್ನು ರಸ್ತೆಯಿಂದ ಬಾಚಿ ಎಸೆದಿದ್ದರು. ಕರಿಬಸಮ್ಮ ಅದನ್ನು ಮತ್ತೆ ತುಂಬಿಸಿಕೊಂಡು ಬಂದಿದ್ದಳು. ಇಳಿದವಳೇ ಎಲೆಅಡಿಕೆ ಚೀಲದಿಂದ ಕಾಗದ ತೆಗೆದು ಹಿಡಿದಳು.

"ಅರ್ಧಂಬರ್ಧ ಮಾತ್ರ ಆಗ್ಯದೆ. ತುಳಿಸ್ಕೊಡಪ್ಪ. ಸೀಲೂ ಒತ್ತಿದ್ದೀಯೆ."

ಪುಟ್ಟಬಸಪ್ಪನಿಗೆ ಅಳು ಬಂತು. ನಲವತ್ತು ಜನರ ಎದುರು ಅಳುವುದು ಹೇಗೆಂದು ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟ. ಅವನ ಪರವಾಗಿ ಮಾತಾಡಿದವನು ಮೂಗಯ್ಯ.

"ಹಾಸು ಕಣಮ್ಮ, ತುಳೀತೀವಿ. ಏ ಮಾದೇಸ, ಅಷ್ಟು ದೂರದಿಂದ ಬಂದಿದ್ದೀರಿ, ಬನ್ನಿ ಆಡನ. ನಿಮ್ದೂ ಹೋಯ್ತು, ನಮ್ದೂ ಹೋಯ್ತು. ಇನ್ಯಾತರ ಬಯ?"

ಹುರುಳಿ ಹಾಸಿದರು. ಹನ್ನೊಂದು ಜನಕ್ಕೆ ಏಳು ಜನ. ಚೆಂಡು ಉರುಳದೆ ಬಳ್ಳಿಯೊಳಗೆ ಹೂತುಕೊಳ್ಳುತ್ತಿತ್ತು. ಹುಡುಕಿ ಒದೆಯಬೇಕು, ಒದ್ದವನು ಬೀಳಬೇಕು, ಅವನ ಮೇಲೆ ಇನ್ನಿಬ್ಬರು ಬೀಳಬೇಕು. ಕಾಲಿಟ್ಟಲ್ಲೆಲ್ಲ ಕಾಯಿ ಚಟಚಟ ಸಿಡಿದವು. ವರ್ಷವೆಲ್ಲ ಆಕಳಿಸುತ್ತಿದ್ದ ಜನ ನಕ್ಕು ನಕ್ಕು ಸುಸ್ತಾದರು. ಹೊತ್ತು ಮುಳುಗುವ ಹೊತ್ತಿಗೆ ಗುಂಡ್ಲುಪೇಟೆ ನಾಲ್ಕು, ಚಾಮರಾಜನಗರ ಸೊನ್ನೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದೂ ಗೋಲು ಬಿಡದ ಮೂಗಯ್ಯ ಕೈಗವಸು ಬಿಚ್ಚಿ, ಗೋಲಿನ ಕಂಬಕ್ಕೆ ಸಿಕ್ಕಿಸಿ, ಮನೆಗೆ ನಡೆದ.

ಬಸ್ಸಿಗೆ ಹೊತ್ತಾಯಿತೆಂದು ಎದ್ದ ರೆಫರಿ ಪುಟ್ಟಬಸಪ್ಪನ ಬೆನ್ನು ತಟ್ಟಿದರು. "ಚೆನ್ನಾಗಿ ಆಡ್ತಾರೆ ರೀ ನಿಮ್ಮವರು. ಲೀಗ್‌ನಲ್ಲಿ ಇರಬೇಕಾಗಿದ್ದ ತಂಡ."

ಕರಿಬಸಮ್ಮ ಹೊಟ್ಟು ತೂರಿ, ಕಾಳು ಗುಡ್ಡೆ ಮಾಡಿ, ಅದರಲ್ಲೊಂದು ಸೇರು ಅಳೆದು ತಂದು ಪುಟ್ಟಬಸಪ್ಪನ ತೊಡೆಯ ಮೇಲಿದ್ದ ಖಾಕಿ ಹೊದಿಕೆಯ ಪುಸ್ತಕದ ಮೇಲೆ ಸುರಿದಳು.

"ತಕ್ಕಳಪ್ಪ, ಬಸ್ಸಾರು ಮಾಡುಸ್ಕೊ. ಎಂತಾ ತುಳ್ತ ತುಳುದ್ರು ನಿನ್ನೈಕ್ಳು! ಮುಂದಿನ್ ವರ್ಸ ಮ್ಯಾಚು ಯಾವತ್ತು ಅಂತ ಮುಂಚೇನೇ ಮೈಕ್ನಲ್ಲಿ ಕೂಗ್ಬುಡು. ಇನ್ನೊಂದೆಕ್ರೆ ಜಾಸ್ತಿ ಬಿತ್ತುಸ್ತೀನಿ."