ಮೀನಿಗೆ ಹಾಕಿದ ಹೊಲಿಗೆ

"ಇವತ್ತು ಸಂಜೆ ಅಡುಗೆ ನಂದು! ನೀನು ಬಂದು ಕಾಲು ಚಾಚಿ ಕೂತರೆ ಸಾಕು, ತಟ್ಟೆ ನಡಕೊಂಡು ನಿನ್ನ ಹತ್ತಿರ ಬರುತ್ತೆ!"

ಬೆಳಿಗ್ಗೆ ಟೈಲರ್ ಹೀಗೆ ಸಾರಿದಾಗ ಅವನ ಕೊರಳಲ್ಲಿದ್ದ ಅಳತೆಪಟ್ಟಿ ಗೆದ್ದವನ ಹಾರದ ಹಾಗೆ ತೂಗಾಡುತ್ತಿತ್ತು. ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದ ಹೆಂಡತಿ ಒಂದು ಕಾಲಿಗೆ ಚಪ್ಪಲಿ ಹಾಕಿದವಳು ಹಾಗೇ ನಿಂತಳು.

"ನೀವಾ? ಹಾಲು ಕಾಯೋಕಿಟ್ಟು ಅಂಗಿ ಗುಂಡಿಗೆ ಕಾಜಾ ಹೊಲಿಯೋಕೆ ಕೂರೋ ನೀವಾ?"

"ಹಾಲಿನ ಕಥೆ ಬಿಡು. ಮೀನಿನಂಗಡಿಯವನು ಎಲ್ಲಾ ಹೇಳಿಕೊಟ್ಟಿದ್ದಾನೆ. ಮುಳ್ಳು ತೆಗೆದ ಬಿಳಿ ಮೀನು. ಕೆಳಗೆ ತರಕಾರಿ, ಮೇಲೆ ಮೀನು. ಉಪ್ಪು, ಮೆಣಸಿನಪುಡಿ, ನಿಂಬೆರಸ, ಒಂಚೂರು ಎಣ್ಣೆ. ಬಟರ್ ಪೇಪರಲ್ಲಿ ಸುತ್ತಿ ಓವನ್ನಿಗೆ ತಳ್ಳೋದು. ಮಕ್ಕಳೂ ಮಾಡ್ತಾರಂತೆ!"

"ಮಕ್ಕಳು ಮಾಡ್ತಾರೆ ರೀ. ನನಗೆ ಭಯ ಇರೋದು ನಿಮ್ಮ ಬಗ್ಗೆ."

ಅಂದಳೇ ಹೊರತು, ಓವನ್ ಅಂದ ತಕ್ಷಣ ಅವಳ ಮುಖ ಸಣ್ಣಗಾಯಿತು. ಅದಕ್ಕೆ ಕಾರಣವಿತ್ತು. ಆ ಓವನ್ ಅವಳ ತಾಯಿಯದು. ತಾಯಿ ತೀರಿಕೊಂಡ ಮೇಲೆ ಅಡುಗೆಮನೆಯ ಕಿಟಕಿ ಕೆಳಗೆ ಜಾಗ ಇದೆ ಅನ್ನುವ ಒಂದೇ ನೆಪದಲ್ಲಿ ಇಲ್ಲಿಗೆ ಬಂತು. ಬಂದದ್ದು ಬಂತು, ಒಂದು ದಿನವೂ ಬಿಸಿಯಾಗಲಿಲ್ಲ. ಅಮ್ಮ ತಿರುಗಿಸುತ್ತಿದ್ದ ಆ ಗುಂಡಿಯನ್ನು ತಾನು ತಿರುಗಿಸಲು ಮಗಳಿಗೆ ಕೈ ಬರಲಿಲ್ಲ. ಬಿಟ್ಟುಕೊಡೋಣ ಅಂದರೆ ಮನಸ್ಸೂ ಬರಲಿಲ್ಲ. ಬೇಸರವಾದಾಗ ಅದರ ಬಾಗಿಲು ತೆಗೆದು ಮುಖ ಒಡ್ಡುತ್ತಿದ್ದಳು. ಒಳಗೆ ಇನ್ನೂ ಅಮ್ಮನ ಮನೆಯ ವಾಸನೆ ಇತ್ತು. ಗಂಡನೋ, ಖಾಲಿ ಜಾಗ ಕಂಡರೆ ಸುಮ್ಮನಿರುವವನಲ್ಲ. ಅಂಗಿ ಕತ್ತರಿಸಿ ಉಳಿದ ತುಂಡು ಬಟ್ಟೆಯನ್ನೆಲ್ಲ ಅದರೊಳಗೆ ತುರುಕುತ್ತಾ ಬಂದಿದ್ದ.

ಈ ಸುದ್ದಿ ನಿನ್ನೆ ಅವಳ ಅಕ್ಕನ ಕಿವಿಗೆ ಬಿತ್ತು ನೋಡಿ! ಅಕ್ಕ ಬಸ್ ಕಂಡಕ್ಟರ್. ಫೋನಿನಲ್ಲಿ ಮಾತಾಡಿದರೂ ಹಿಂದಿನ ಸೀಟಿಗೆ ಕೇಳಬೇಕು, ಅಂಥ ದನಿ.

"ಅಮ್ಮನ ಓವನ್ನಿಗೆ ಚಿಂದಿ ತುಂಬಿದೀರಂತಲ್ಲೇ! ಅದೇನು ಮೂಟೆ ಕಟ್ಟೋ ಚೀಲವಾ? ನಾಳೆ ಸಂಜೆ ಬರ್ತೀನಿ. ಅದರಲ್ಲಿ ಅಡುಗೆ ಆಗಿದ್ರೆ ಕೂತು ಉಣ್ತೀನಿ. ಆಗಿಲ್ವೋ, ಹಗ್ಗ ತರ್ತಿದೀನಿ, ಕಟ್ಟಿಕೊಂಡು ಹೋಗ್ತೀನಿ!"

ಅದಕ್ಕೇ ಟೈಲರನ ಈ ಪ್ರತಿಜ್ಞೆ. ಹೆಂಡತಿ ಚಪ್ಪಲಿ ಬಿಚ್ಚಿ ಒಳಗೆ ಹೋದಳು. ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಈರುಳ್ಳಿ ಟಕಟಕ ಹೆಚ್ಚಿ, ಮುಚ್ಚಿಟ್ಟು ಬಂದಳು.

"ತರಕಾರಿ ಆಯ್ತು. ಮಿಕ್ಕಿದ್ದು ನಿಮ್ಮ ಪ್ರತಾಪ. ರೀ... ಅದು ಇಲ್ಲಿಂದ ಹೋಗಬಾರದು."

"ನಾನಿರೋ ತನಕ ಆ ಓವನ್ ಒಂದಿಂಚು ಅಲ್ಲಾಡಲ್ಲ!" ಎಂದ ಟೈಲರ್, ಎದೆ ತಟ್ಟಿಕೊಂಡು.

ಸಂಜೆ ಬೇಗನೆ ಅಂಗಡಿಯ ಕದ ಎಳೆದ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಅಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಮೂಲೆಯಲ್ಲಿ ಬಟ್ಟೆ ತೊಡಿಸುವ ತಲೆಯಿಲ್ಲದ ಗೊಂಬೆ. ಗೊಂಬೆಯ ಮೈಮೇಲೆ ಬೂದು ಬಣ್ಣದ ಒಂದು ಕೋಟು. ಅದು ಅತ್ತೆ ಬದುಕಿದ್ದಾಗ ಅವರಿಗಾಗಿ ಹೊಲಿದದ್ದು. ಆಕೆ ಬಂದು, ಊರುಗೋಲನ್ನು ಮೇಜಿಗೆ ಒರಗಿಸಿ, ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಹ್ಞೂಂ...." ಎಂದು ಹೋದವರು ಕೋಟು ಒಯ್ಯಲು ಬರಲೇ ಇಲ್ಲ.

ಅತ್ತೆಯ ಆ ಹ್ಞೂಂಕಾರದ ಬಗ್ಗೆ ಹೇಳಲೇಬೇಕು. ಅದರಲ್ಲಿ ಎರಡು ಬಗೆ. ಉದ್ದ ಎಳೆದರೆ 'ಇದು ಸಾಲದು' ಅಂತ. ಗಿಡ್ಡದಾಗಿ ಒಮ್ಮೆ "ಹ್ಞೂಂ" ಅಂದರೆ 'ಆಗಲಿ, ಚೆನ್ನಾಗಿದೆ' ಅಂತ. ಅಳಿಯನಾಗಿ ಬಂದ ದಿನದಿಂದ ಟೈಲರನಿಗೆ ಸಿಕ್ಕಿದ್ದೆಲ್ಲ ಉದ್ದದ್ದೇ. ಗಿಡ್ಡದ್ದಕ್ಕಾಗಿ ಅವನು ಮಾಡದ ತಪಸ್ಸಿಲ್ಲ!

ಓವನ್ನಿನಿಂದ ತುಂಡು ಬಟ್ಟೆ ಎಳೆದ, ಎಳೆದ, ಎಳೆದ. ಜಾದೂಗಾರನ ಟೊಪ್ಪಿಯ ಹಾಗೆ ಬರುತ್ತಲೇ ಇತ್ತು. ಒಳಗೆಲ್ಲ ಒರೆಸಿದ. ಬಟರ್ ಪೇಪರಿನ ಮೇಲೆ ತರಕಾರಿ ಹಾಸಿ, ಮೀನು ಮಲಗಿಸಿ, ಉಪ್ಪು ಖಾರ ಉದುರಿಸಿ, ನಿಂಬೆ ಹಿಂಡಿದ. ಇನ್ನು ಮೀನಿನಂಗಡಿಯವನು ಹೇಳಿದ ಹಾಗೆ ಕಾಗದದ ಅಂಚು ಮಡಚಬೇಕು. ಮಡಚಿದ. ಬಿಚ್ಚಿಕೊಂಡಿತು. ಮತ್ತೆ ಮಡಚಿದ. ಮತ್ತೆ ಬಿಚ್ಚಿಕೊಂಡಿತು.

"ಮಡಚೋದು ಇಸ್ತ್ರಿಯವನ ಕೆಲಸ. ನಾನು ಯಾರು!" ಎಂದವನೇ ಪೊಟ್ಟಣವನ್ನು ಎರಡೂ ಕೈಯಲ್ಲಿ ಹೊತ್ತು ಹೊಲಿಗೆ ಯಂತ್ರದ ಮುಂದೆ ಕೂತ. ಯಂತ್ರದಲ್ಲಿ ಯಾವ ದಾರ ಇದೆ ಎಂದು ನೋಡುವ ವ್ಯವಧಾನ ಯಾರಿಗಿತ್ತು? ಕಾಗದದ ಅಂಚಿನ ಸುತ್ತ ಗಡಗಡ ಒಂದು ಸುತ್ತು, ಅದರ ಪಕ್ಕದಲ್ಲೇ ಇನ್ನೊಂದು ಸುತ್ತು. ಡಬಲ್ ಹೊಲಿಗೆ! ಲೋಕದಲ್ಲಿ ಮೊದಲ ಬಾರಿಗೆ ಒಂದು ಮೀನು ಅಳತೆ ಕೊಟ್ಟು ಹೊಲಿಸಿಕೊಂಡ ಅಂಗಿ ತೊಟ್ಟಿತು!

ತಟ್ಟೆಯ ಮೇಲಿಟ್ಟು ಓವನ್ನಿಗೆ ತಳ್ಳಿ ಗುಂಡಿ ತಿರುಗಿಸಿದ. ಒಳಗೆ ಹಳದಿ ದೀಪ ಹತ್ತಿತು. ಅಷ್ಟರಲ್ಲಿ ಹೊರಗೆ ಕತ್ತಲು ಇಳಿಯುತ್ತಿತ್ತು. ಓವನ್ ಹತ್ತಿದ ಭಾರಕ್ಕೋ ಏನೋ, ಮನೆಯ ಮಿಕ್ಕ ದೀಪಗಳು ಒಮ್ಮೆ ಕುಗ್ಗಿ, ಕೆಂಪಗಾಗಿ, ಹಾಗೇ ನಿಂತವು. ಟೈಲರ್ ಕುರ್ಚಿ ಎಳೆದುಕೊಂಡು ಗಾಜಿನ ಬಾಗಿಲ ಮುಂದೆ ಕೂತ.

ಬಿಳಿ ಕಾಗದದ ಆ ಪೊಟ್ಟಣ ದೀಪದ ಕೆಳಗೆ ಅಲ್ಲಾಡದೆ ಮಲಗಿತ್ತು. ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದವರ ಹಾಗೆ. ಅವನಿಗೆ ಆ ಹೋಲಿಕೆ ಬೇಕಾಗಿರಲಿಲ್ಲ, ಅದಾಗಿಯೇ ಬಂತು.

ಟಕ್.

ಟೈಲರ್ ತಿರುಗಿದ. ಹಿಂದೆ ಯಾರೂ ಇಲ್ಲ. ನಡುಮನೆಯ ಆಚೆ ಮುಂದಿನ ಕೋಣೆಯಲ್ಲಿ ತಲೆಯಿಲ್ಲದ ಗೊಂಬೆ ಕೋಟು ತೊಟ್ಟು ನಿಂತಿತ್ತು. ಇವನ ಕಡೆಗೇ ತಿರುಗಿತ್ತು. ಬೆಳಿಗ್ಗೆ ಬೀದಿ ಕಡೆ ತಿರುಗಿರಲಿಲ್ಲವೇ?

ಟಕ್... ಟಕ್.

ನೆಲಕ್ಕೆ ಊರುಗೋಲು ಊರಿಕೊಂಡು ನಡೆಯುವ ಸದ್ದು. ಅವನಿಗೆ ಗೊತ್ತಿದ್ದ ಸದ್ದು. ಓವನ್ನಿನ ಕಡೆ ನೋಡಿದರೆ, ಪೊಟ್ಟಣ ಉಬ್ಬುತ್ತಿದೆ! ನಿಧಾನವಾಗಿ ಮೇಲೇಳುತ್ತಿದೆ, ಒಂದಿಷ್ಟು ಇಳಿಯುತ್ತಿದೆ, ಮತ್ತೆ ಏಳುತ್ತಿದೆ. ನಿದ್ದೆಯಲ್ಲಿರುವವರ ಎದೆಯ ಹಾಗೆ.

ಆಮೇಲೆ ಬಂತು ನೋಡಿ. ಸಣ್ಣಗೆ ಶುರುವಾಗಿ, ಮೂಗಿನಿಂದ ಎಳೆದ ಹಾಗೆ ಉದ್ದಕ್ಕೆ ಬಂತು.

"ಹ್ಞೂಂ......."

ಟೈಲರನ ಗಂಟಲಿನ ನೀರೆಲ್ಲ ಹಣೆಗೆ ಬಂತು. ಓಡಬಹುದಿತ್ತು. ಆದರೆ ಹೊರಬಾಗಿಲಿಗೆ ಹೋಗಲು ಆ ಗೊಂಬೆಯನ್ನು ದಾಟಬೇಕು! ಕೂತಲ್ಲೇ ಕೈ ಜೋಡಿಸಿದ.

"ಅತ್ತೇ... ಡಬಲ್ ಹೊಲಿಗೆ ಹಾಕಿದೀನಿ ಅತ್ತೇ... ಎಳೆದು ನೋಡಬೇಡಿ..."

"ರೀ! ಯಾರ ಹತ್ತಿರ ಮಾತಾಡ್ತಿದೀರಿ?"

ಅವನು ಕುರ್ಚಿಯ ಸಮೇತ ಪಕ್ಕಕ್ಕೆ ಉರುಳಿದ. ಬಾಗಿಲಲ್ಲಿ ಹೆಂಡತಿ. ಅವಳ ಬೆನ್ನ ಹಿಂದೆ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡ ಅಕ್ಕ.

"ಏನ್ರೀ ಟೈಲರ್ರೇ, ನೆಲದ ಅಳತೆ ತಗೋತಿದೀರಾ? ದಾರಿ ಬಿಡಿ, ಒಳಗೆ ಬರಬೇಕು!" ಅಕ್ಕ ಎರಡೇ ಹೆಜ್ಜೆಗೆ ಅಡುಗೆಮನೆಯ ನಡುವೆ ನಿಂತಳು. "ಅಯ್ಯೋ, ದೀಪ ಹತ್ತಿದೆ! ನಾನು ಬರ್ತೀನಿ ಅಂತ ಖಾಲಿ ಓವನ್ ಹಚ್ಚಿಟ್ಟು ನಾಟಕ ಮಾಡ್ತಿದೀರಾ?"

"ಅತ್ತಿಗೆ, ಒಂದು ನಿಮಿಷ ಸುಮ್ಮನಿರಿ. ಕೇಳಿ..."

"ಏನು ಕೇಳೋದು? ನಾನು ಇಡೀ ದಿನ ಹಾರ್ನ್ ಕೇಳಿ ಬಂದವಳು. ಪುಟ್ಟೀ, ಆ ಕಡೆಯಿಂದ ಹಗ್ಗ ಹಿಡಿ. ಅಮ್ಮನೂ ಇದನ್ನೇ ಹೇಳ್ತಿದ್ದಳು..."

"ಹ್ಞೂಂ........."

ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಹಗ್ಗ ಹೆಗಲಿನಿಂದ ಜಾರಿ ಕಾಲ ಮೇಲೆ ಬಿತ್ತು.

ತಂಗಿ ಕೂಗಲಿಲ್ಲ. ಪಿಸುಗುಟ್ಟಿದಳು. "ಅಕ್ಕಾ. ಇದು ಅಮ್ಮ ಅಲ್ವಾ?"

ಟಕ್, ಎಂದಿತು ಒಳಗಿನಿಂದ.

ಕಂಡಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದು ತಂಗಿಯ ತೋಳು ಹಿಡಿದುಕೊಂಡಳು. ಅಮ್ಮ ಹೋದಾಗಿನಿಂದ ಒಬ್ಬರ ಕೈ ಒಬ್ಬರು ಮುಟ್ಟಿರಲಿಲ್ಲ. "ಅಮ್ಮಾ, ನಾನು ಸುಮ್ಮನೆ ಅಂದೆ ಕಣಮ್ಮಾ! ಹಗ್ಗ ಬೇರೆ ಯಾವುದಕ್ಕೋ ತಂದದ್ದು! ನೀನು ಎಲ್ಲಿದೀಯೋ ಅಲ್ಲೇ ಇರು. ನನ್ನ ಮನೇಲಿ ಜಾಗ ಬೇರೆ ಇಲ್ಲ!"

ಇಬ್ಬರು ಹೆಂಗಸರು ಪಕ್ಕದಲ್ಲಿ ಬಂದ ಮೇಲೆ ಟೈಲರನಿಗೆ ಹೋದ ಜೀವ ಅರ್ಧ ಮರಳಿತ್ತು. ಮರಳಿದ ಜೀವ ಕೆಲಸ ಮಾಡಿತು. ತಟ್ಟನೆ ಎಲ್ಲ ಹೊಳೆದು ಹಣೆ ಚಚ್ಚಿಕೊಂಡ.

"ಥೂ! ಅತ್ತೆಯೂ ಇಲ್ಲ, ಯಾರೂ ಇಲ್ಲ! ತಗಡಿನ ತಟ್ಟೆ ಬಿಸಿಗೆ ಸೊಟ್ಟಗಾದರೆ ಟಕ್ ಅನ್ನುತ್ತೆ. ನಾನು ಕಾಗದ ಹೊಲಿದಿದೀನಿ. ಸೂಜಿ ತೂತಲ್ಲಿ ಹಬೆ ನುಗ್ಗಿದರೆ ಪೀಪಿ ಊದಿದ ಹಾಗೆ ಸದ್ದು ಬರುತ್ತೆ. ಅಷ್ಟೇ! ನೋಡಿ, ಈಗ ತೋರಿಸ್ತೀನಿ!"

"ಹೊಲಿದ್ರಾ? ಮೀನನ್ನ?" ಹೆಂಡತಿ ಕೇಳಿದಳು.

ಅವನು ಓವನ್ನಿನ ಗುಂಡಿ ಆರಿಸಿದ. ಪ್ಲಗ್ಗನ್ನೂ ಎಳೆದು ನೆಲಕ್ಕೆ ಬಿಸಾಡಿದ. ಮನೆಯ ದೀಪಗಳು ಒಮ್ಮೆಲೇ ಬೆಳ್ಳಗಾದವು. ಬಾಗಿಲು ತೆಗೆದರೆ ಹಬೆಯ ಮೋಡ. ಮೋಡ ಸರಿದಾಗ ಮೂವರೂ ಬಗ್ಗಿ ನೋಡಿದರು. ಪೊಟ್ಟಣ ಉಸ್ಸೆಂದು ಕುಸಿದು ಚಪ್ಪಟೆಯಾಯಿತು. ಡಬಲ್ ಹೊಲಿಗೆ? ಹುಡುಕಿದರೂ ಇಲ್ಲ. ನೈಲಾನ್ ದಾರ ಕರಗಿ ಅಂಚಿನುದ್ದಕ್ಕೂ ಕಪ್ಪು ಮಣಿಗಳಾಗಿ ಕೂತಿತ್ತು.

"ಹೊಲಿಗೆ ಬಿಟ್ಟುಹೋಗಿದೆ," ಎಂದಳು ಅಕ್ಕ. "ನಿಮ್ಮ ಹೊಲಿಗೆ ಬಗ್ಗೆ ಅಮ್ಮ ಸರಿಯಾಗೇ ಹೇಳ್ತಿದ್ದಳು."

ಟೈಲರ್ ಬಟ್ಟೆಯ ಕತ್ತರಿ ತಂದು, ಕಪ್ಪು ಮಣಿಗಳಿದ್ದ ಅಂಚನ್ನೆಲ್ಲ ಅಗಲವಾಗಿ ಕತ್ತರಿಸಿ ಎಸೆದ. ನಡುವಿನ ಮೀನಿಗೆ ಏನೂ ಆಗಿರಲಿಲ್ಲ. ಬೆಳ್ಳಗೆ, ಬೆರಳು ತಾಗಿದರೆ ಪದರ ಪದರವಾಗಿ ಬಿಡಿಸಿಕೊಳ್ಳುವ ಹಾಗೆ ಬೆಂದಿತ್ತು. ಕೆಳಗೆ ನಿಂಬೆಯ ರಸ ಕುಡಿದ ತರಕಾರಿ. ಮೂವರೂ ಅಲ್ಲೇ ಅಡುಗೆಮನೆಯ ಮೇಜಿಗೆ ಕೂತರು. ಹಗ್ಗ ನೆಲದ ಮೇಲೇ ಬಿದ್ದಿತ್ತು. ಅದರ ಪಕ್ಕದಲ್ಲಿ ಪ್ಲಗ್ಗು.

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅವಳ ದನಿ ಮೊದಲ ಬಾರಿಗೆ ಮುಂದಿನ ಸೀಟಿಗಷ್ಟೇ ಕೇಳುವಂತೆ ಬಂತು. "ಅಮ್ಮ ಮಾಡಿದ ಹಾಗೇ ಇದೆಯಲ್ಲೇ, ಪುಟ್ಟಿ."

ತಂಗಿಗೆ ಕಣ್ಣು ತುಂಬಿತು. "ಓವನ್ನು, ಅಕ್ಕಾ?"

"ಇರಲಿ ಬಿಡು ಇಲ್ಲೇ. ವಾರಕ್ಕೊಮ್ಮೆ ನಾನೇ ಬರ್ತೀನಿ. ನನ್ನ ತಟ್ಟೆ ಇಟ್ಟಿರು."

ಟೈಲರ್ ಅತ್ತ ಇತ್ತ ನೋಡಿದ. ಹೊಗಳಿಕೆ ತನ್ನ ಕಡೆ ಯಾವಾಗ ತಿರುಗುತ್ತೋ ಎಂದು ಕಾದ. ಅಕ್ಕ ಇನ್ನೊಮ್ಮೆ ತರಕಾರಿ ಬಡಿಸಿಕೊಂಡಳು. ತಟ್ಟೆಗೆ ಚಮಚ ತಾಗುವ ಸದ್ದಷ್ಟೇ ಕೇಳುತ್ತಿತ್ತು.

ಆಗ ಬೆನ್ನ ಹಿಂದಿನಿಂದ, ಬಾಗಿಲು ತೆರೆದು ಆರಿಹೋಗಿದ್ದ ಆ ಖಾಲಿ ಓವನ್ನಿನೊಳಗಿಂದ ಬಂತು. ಎಳೆಯಲಿಲ್ಲ. ಗಿಡ್ಡದಾಗಿ, ಒಮ್ಮೆ.

"ಹ್ಞೂಂ."

ಮೂರು ಚಮಚಗಳೂ ಗಾಳಿಯಲ್ಲಿ ನಿಂತವು. ಹಬೆ ಹೋಗಿತ್ತು, ಪೊಟ್ಟಣ ಕಣ್ಣ ಮುಂದೆ ಹರಿದು ಬಿದ್ದಿತ್ತು. ತಗಡಿನ ತಟ್ಟೆ ಮೇಜಿನ ಮೇಲಿತ್ತು. ಅಕ್ಕ ಪ್ಲಗ್ಗಿನ ಕಡೆ ನೋಡಿದಳು. ಹೆಂಡತಿಯೂ ನೋಡಿದಳು. ಅದು ನೆಲದ ಮೇಲೇ ಇತ್ತು.

ಟೈಲರನ ಮುಖ ಮೆಲ್ಲಗೆ ಅರಳಿತು. ಅರಳಿ, ಬೆಳಗಿತು! "ಕೇಳಿದ್ರಾ? ಗಿಡ್ಡದು! ಗಿಡ್ಡ ಹ್ಞೂಂ! ಕೊನೆಗೂ ಅತ್ತೆ ನನಗೆ..."

ಹೆಂಡತಿ ಇನ್ನೊಂದು ತುಂಡು ಕ್ಯಾರೆಟ್ ಬಾಯಿಗೆ ಹಾಕಿಕೊಂಡಳು.

"ಅದು ನಿಮಗಲ್ಲ ರೀ. ತರಕಾರಿ ಹೆಚ್ಚಿದ್ದು ನಾನು."